ಇಪ್ಪತ್ತು ತೌ

ರಂಜಿತ್ ನನ್ನ ಗಂಡನ ಬಲಗೈ ಮುರಿದದ್ದು ಹಗಲು ಹನ್ನೊಂದೂವರೆಗೆ, ಸಿದ್ಧಕಟ್ಟೆಯ ನಮ್ಮ ವರ್ಕ್‌ಶಾಪಿನ ಒಳಗೆ, ನಾನು ನಾಲ್ಕಡಿ ದೂರದಲ್ಲಿ ನಿಂತಿದ್ದಾಗ. ಒಂದು ಪೆಟ್ಟಲ್ಲ, ಮೂರು. ಮೊದಲನೆಯದಕ್ಕೆ ಬೆರಳುಗಳು ಹೋದವು, ಎರಡನೆಯದಕ್ಕೆ ಅಂಗೈಯ ಎಲುಬು. ಮೂರನೆಯದು ಯಾಕೆ ಎಂದು ಅವನಿಗೂ ಗೊತ್ತಿರಲಿಕ್ಕಿಲ್ಲ. ಹೊಡೆದದ್ದು ಟಾಮಿ ಬಾರಿನಲ್ಲಿ, ಬಿಗಿ ನಟ್ಟು ಬಿಚ್ಚಲಿಕ್ಕೆ ನಾವು ಇಟ್ಟುಕೊಂಡಿದ್ದ ಎರಡಡಿ ಉದ್ದದ ಉಕ್ಕಿನ ಸರಳು. ಬೆಳಿಗ್ಗೆ ನಾನೇ ಅದನ್ನು ಒರೆಸಿ ಬೆಂಚಿನ ಮೇಲೆ ಇಟ್ಟಿದ್ದೆ.

ಅದು ೨೦೦೩ರ ಫೆಬ್ರವರಿ. ನನ್ನ ಗಂಡ ಚನಿಯಪ್ಪ ಅಷ್ಟೊತ್ತಿಗೆ ಹದಿನೈದು ವರ್ಷದಿಂದ ಇಂಜಿನ್ ಕಟ್ಟುತ್ತಿದ್ದರು. ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಕೆಟ್ಟು ನಿಂತ ಗಾಡಿ ಯಾವುದಿದ್ದರೂ ಎರಡು ಮೂರು ಅಂಗಡಿ ಸುತ್ತಿ ಕೊನೆಗೆ ನಮ್ಮ ಬಾಗಿಲಿಗೆ ಬರುತ್ತಿತ್ತು. ಪಿಸ್ಟನ್ನು, ಕ್ರ್ಯಾಂಕು ಎಲ್ಲ ಅವರದು, ಹೆಡ್ ನನ್ನದು. ಹೆಡ್ ಎಂದರೆ ಇಂಜಿನ್ನಿನ ನೆತ್ತಿಯ ಮೇಲೆ ಕೂರುವ ಅಲ್ಯೂಮಿನಿಯಂ ಗಡ್ಡೆ. ಗಾಳಿ ಒಳಗೆ ಬಿಡುವ, ಹೊಗೆ ಹೊರಗೆ ಹಾಕುವ ವಾಲ್ವುಗಳು ಅದರಲ್ಲೇ ಇರುತ್ತವೆ. ಮದುವೆಯಾಗಿ ಬಂದ ವರ್ಷವೇ ನಾನು ವಾಲ್ವು ಅರೆಯುವುದನ್ನು ಕಲಿತೆ. ಕಡ್ಡಿಯ ತುದಿಯ ರಬ್ಬರಿಗೆ ವಾಲ್ವು ಕಚ್ಚಿಸಿ, ಎರಡು ಅಂಗೈ ನಡುವೆ ಮಜ್ಜಿಗೆ ಕಡೆದ ಹಾಗೆ ತಿರುಗಿಸುವುದು. ಅಷ್ಟು ಹೊತ್ತು ತಿರುಗಿಸಿದರೂ ನನ್ನ ಸಿಟ್ಟು ಇಳಿಯುತ್ತಿರಲಿಲ್ಲ, ಅದು ಬೇರೆ ವಿಷಯ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಸರಸಕ್ಕನ ಅಂಗಡಿಗೆ ಹೋಗುವಾಗ ಹೆಲ್ಮೆಟ್ ತೆಗೆಯಬೇಡಿ ಎಂದು ಪೇಟೆಯಲ್ಲಿ ಹೇಳುತ್ತಿದ್ದರು. ಒಮ್ಮೆ ಒಬ್ಬ ಗಿರಾಕಿಗೆ ಸ್ಪ್ಯಾನರ್ ಎಸೆದದ್ದೂ ನಿಜ.

ರಂಜಿತ್ ಎಂದರೆ ಮೂಡುಬಿದಿರೆಯಲ್ಲಿ ಹೋಟೆಲು, ವಾಮದಪದವಿನಲ್ಲಿ ಜಾಗ ಇರುವ ಮುಂಡಪ್ಪನವರ ಒಬ್ಬನೇ ಮಗ. ಆಗ ಇಪ್ಪತ್ತಾರು ಇಪ್ಪತ್ತೇಳು ಇರಬಹುದು. ಅವನಿಗೆ ಮಣ್ಣಿನ ಮೈದಾನದಲ್ಲಿ ಜಿಪ್ಸಿ ಓಡಿಸುವ ರೇಸಿನ ಹುಚ್ಚು. ಆ ವರ್ಷ ಟರ್ಬೋ ಹಾಕಿಸಬೇಕು ಎಂದು ಬಂದ. ಟರ್ಬೋ ಎಂದರೆ ಹೊಗೆಯ ರಭಸಕ್ಕೆ ತಿರುಗುವ ಫ್ಯಾನು, ಅದು ಇಂಜಿನ್ನಿನ ಹೊಟ್ಟೆಗೆ ಗಾಳಿಯನ್ನು ಒತ್ತಿ ತುಂಬಿಸುತ್ತದೆ. ನಮ್ಮ ಕಡೆ ಯಾರೂ ಪೆಟ್ರೋಲ್ ಗಾಡಿಗೆ ಅದನ್ನು ಹಾಕಿದವರಿರಲಿಲ್ಲ. ನಮ್ಮ ಇವರಿಗೂ ಆಸೆಯಾಯಿತು, ಒಪ್ಪಿಕೊಂಡರು.

ಇಬ್ಬರಿಗೂ ಜಗಳ ಬಂದದ್ದು ಕ್ಯಾಮಿನ ಬಗ್ಗೆ. ಕ್ಯಾಮ್ ಎಂದರೆ ಹೆಡ್ಡಿನ ಮೇಲೆ ಮಲಗಿ ತಿರುಗುವ ಸರಳು. ಅದರ ಮೈಮೇಲೆ ಮೊಟ್ಟೆಯಂಥ ಉಬ್ಬುಗಳು. ಉಬ್ಬು ಎಷ್ಟು ದೊಡ್ಡದೋ ವಾಲ್ವು ಅಷ್ಟು ಹೊತ್ತು ತೆರೆದಿರುತ್ತದೆ. ರಂಜಿತ್ ಎಲ್ಲಿಂದಲೋ ದೊಡ್ಡ ಉಬ್ಬಿನ ರೇಸ್ ಕ್ಯಾಮ್ ತಂದಿದ್ದ. ಅದನ್ನು ಹಾಕಿದರೆ ಗಾಡಿ ನಿಂತಲ್ಲೇ ಡುಗುಡುಗು ಎಂದು ಎದೆ ನಡುಗಿಸುವ ಸದ್ದು ಮಾಡುತ್ತದೆ. ನಮ್ಮ ಊರಿನಲ್ಲಿ ಇಂಜಿನ್ನಿಗೆ ಬೆಲೆ ಕಟ್ಟುವುದೇ ಕಿವಿಯಿಂದ. ಇವರು ಬೇಡ ಎಂದರು, ಅವನು ಕೇಳಲಿಲ್ಲ. ಕೊನೆಗೆ ಅವನ ಕ್ಯಾಮೇ ಕೂತಿತು.

ಮೂಡುಬಿದಿರೆಯ ಮೈದಾನದಲ್ಲಿ ಮೂರನೇ ಸುತ್ತಿಗೆ ಆ ಇಂಜಿನ್ ಸತ್ತಿತು. ಮರುದಿನ ಲಾರಿಯಲ್ಲಿ ಹಾಕಿಕೊಂಡು ತಂದ, ಜೊತೆಗೆ ಇಬ್ಬರು ಸ್ನೇಹಿತರು. ಬಿಚ್ಚಿ ನೋಡಿದರೆ ಮೂರನೇ ಪಿಸ್ಟನ್ನಿನ ನೆತ್ತಿಯಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಇವರು ಹೆಡ್ಡನ್ನು ತಿರುಗಿಸಿ ವರ್ನಿಯರ್ ಹಿಡಿದು ಏನೋ ಅಳೆದರು. ಒಮ್ಮೆ ನನ್ನನ್ನು ನೋಡಿದರು.

"ಇದನ್ನು ಕೆಡಿಸಿದ್ದು ಯಾರು?" ಎಂದು ರಂಜಿತ್ ಕೇಳಿದ.

ನಿನ್ನ ಡುಗುಡುಗು ಕ್ಯಾಮ್ ಎಂದು ಹೇಳಲು ನಾನು ಬಾಯಿ ತೆರೆದಿದ್ದೆ. ಇವರು ಮೊದಲೇ ಹೇಳಿಬಿಟ್ಟರು.

"ನಾನೇ. ತಪ್ಪು ನಂದು."

ಆಮೇಲೆ ಬಾರು. ಅವನು ಇವರ ಮಣಿಕಟ್ಟನ್ನು ಬೆಂಚಿಗೆ ಒತ್ತಿ ಹಿಡಿದಾಗ ಇವರು ಎಳೆದುಕೊಳ್ಳಲೂ ಇಲ್ಲ. ಸ್ನೇಹಿತರು ನನ್ನನ್ನು ಹಿಂದಿನಿಂದ ಹಿಡಿದುಕೊಂಡರು. ಒಬ್ಬನ ಕೈಯನ್ನು ರಕ್ತ ಬರುವ ಹಾಗೆ ಕಚ್ಚಿದೆ, ಅವನು ನನ್ನ ತಲೆಯನ್ನು ಗೋಡೆಗೆ ಗುದ್ದಿದ. ಮೂರು ಪೆಟ್ಟು ಮುಗಿದ ಮೇಲೆ ರಂಜಿತ್ ಬಾರನ್ನು ಮೆತ್ತಗೆ ಬೆಂಚಿನ ಮೇಲಿಟ್ಟು ಹೊರಗೆ ಹೋದ.

ಆಸ್ಪತ್ರೆಯಲ್ಲಿ ಎರಡು ಸಲ ಕೊಯ್ದರು. ಕೈ ಉಳಿಯಿತು, ಹಿಡಿತ ಉಳಿಯಲಿಲ್ಲ. ಹೆಬ್ಬೆರಳು ಮಾತ್ರ ಸ್ವಲ್ಪ ಅಲ್ಲಾಡುತ್ತಿತ್ತು, ಉಳಿದವು ಕೊಕ್ಕೆಯ ಹಾಗೆ ಒಳಗೆ ಬಾಗಿ ನಿಂತವು. ಪೊಲೀಸ್ ಕಂಪ್ಲೇಂಟಿಗೆ ಇವರು ಒಪ್ಪಲಿಲ್ಲ. ಮುಂಡಪ್ಪನವರು ಒಂದು ಗೊನೆ ಬಾಳೆಹಣ್ಣು, ವೀಳ್ಯದೆಲೆ ಹಿಡಿದುಕೊಂಡು ಬಂದು ಚಾವಡಿಯಲ್ಲಿ ತಲೆ ತಗ್ಗಿಸಿ ಕೂತರು. "ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಚನಿಯಪ್ಪ. ಏನು ಹೇಳಬೇಕೋ ನನಗೆ ಗೊತ್ತಾಗುದಿಲ್ಲ," ಎಂದರು. ಇವರು ಆಗಲೂ ಅದೇ ಮಾತು: "ತಪ್ಪು ನಂದುಂಟು ಧಣಿ." ಅವರು ಹೋದ ಮೇಲೆ ಆ ಗೊನೆಯನ್ನು ಎತ್ತಿ ರಸ್ತೆಗೆ ಎಸೆದೆ. ನೀವು ಗಂಡಸೇ ಎಂದು ಕೇಳಿದೆ. ಆ ದಿನ ಮಾತ್ರ ಅಲ್ಲ. ಆ ವರ್ಷವಿಡೀ ಊಟಕ್ಕೆ ಕೂತಾಗ, ಎಡಗೈಯಲ್ಲಿ ಚಮಚ ಹಿಡಿದು ಅನ್ನ ಚೆಲ್ಲಿಕೊಂಡಾಗ, ಅಂಗಿಯ ಗುಂಡಿ ಹಾಕಲು ನನ್ನ ಹತ್ತಿರ ಬಂದು ನಿಂತಾಗ, ಹೇಡಿ ಎಂದೆ. ಹೇಡಿಯ ಅಂಗಿಗೆ ಗುಂಡಿ ಹಾಕುವ ಕೆಲಸ ನನಗೆ ಬಂತು ಎಂದೆ. ಅವರು ಒಂದು ದಿನವೂ ತಿರುಗಿ ಮಾತಾಡಲಿಲ್ಲ. ಅದಕ್ಕೆ ನನಗೆ ಇನ್ನೂ ಸಿಟ್ಟು ಬರುತ್ತಿತ್ತು.

ಡಿಸೆಂಬರಿನಲ್ಲಿ ರಂಜಿತ್ ಮತ್ತೆ ಬಂದ. ಇಂಜಿನ್ನಿನ ಕೆಲಸವನ್ನೆಲ್ಲ ಆಗ ನಾನೇ ಮಾಡುತ್ತಿದ್ದೆ. ಇವರು ಪಕ್ಕದಲ್ಲಿ ಸ್ಟೂಲ್ ಮೇಲೆ ಕೂತು ಬಾಯಲ್ಲಿ ಹೇಳುತ್ತಿದ್ದರು. ಹೇಡಿಯಾದರೇನು, ಇಂಜಿನ್ನಿನ ವಿಷಯದಲ್ಲಿ ಅವರ ಮಾತು ಮೀರುವ ಹಾಗಿರಲಿಲ್ಲ.

"ಸರಸಕ್ಕ, ಹಳೇದೆಲ್ಲ ಬಿಡುವ," ಎಂದ ರಂಜಿತ್. "ಮಂಗಳೂರಲ್ಲಿ ನಾಲ್ಕು ಕಡೆ ಕೇಳಿದೆ. ಚನಿಯಪ್ಪಣ್ಣನ ಕೈ ವಿಷಯ ಎಲ್ಲರಿಗೂ ಗೊತ್ತುಂಟು. ನನ್ನ ಗಾಡಿ ಯಾರೂ ಮುಟ್ಟುದಿಲ್ಲ. ಜನವರಿಯಲ್ಲಿ ಮೂಡುಬಿದಿರೆ ರೇಸುಂಟು. ನೀವೇ ಮಾಡಿ ಕೊಡ್ಬೇಕು."

ಎರಡು ಹೆಡ್ ತಂದಿದ್ದ. ಒಂದು ಹಿಂದಿನ ಸಲದ ಹಾಗೆ ಎಂಟು ವಾಲ್ವಿನದು, ಇನ್ನೊಂದು ಹೊಸ ಗಾಡಿಯಿಂದ ಕಳಚಿದ ಹದಿನಾರು ವಾಲ್ವಿನದು. ಅದಕ್ಕೆ ಕಂಪೆನಿಯ ಕ್ಯಾಮ್ ಒಂದು, ಮತ್ತೊಂದು ದೊಡ್ಡ ಉಬ್ಬಿನ ರೇಸ್ ಕ್ಯಾಮ್. ಬುದ್ಧಿ ಬಂದಿರಲಿಲ್ಲ ಎಂದಾಯಿತು.

"ಕ್ಯಾಮ್ ಇದೇ ಹಾಕಿ ಅಕ್ಕ. ಸ್ಟಾರ್ಟ್ ಮಾಡಿದ್ರೆ ಜನ ತಿರುಗಿ ನೋಡ್ಬೇಕು."

"ಹಾಕ್ತೇನೆ," ಎಂದೆ.

ಅಷ್ಟು ಸಲೀಸಾಗಿ ಒಪ್ಪಿದ್ದಕ್ಕೆ ಇವರು ಸ್ಟೂಲಿನಿಂದ ನನ್ನ ಮುಖ ನೋಡಿದರು. ನಾನು ಯಾಕೆ ಒಪ್ಪಿದೆ ಎಂದು ಮುಚ್ಚಿಟ್ಟು ಹೇಳುವುದಿಲ್ಲ. ಆ ಇಂಜಿನ್ ಒಡೆಯಬೇಕಿತ್ತು. ಒಡೆಯುವುದು ಮೂಡುಬಿದಿರೆಯ ಮೈದಾನದಲ್ಲಿ, ಉದ್ದ ದಾರಿಯ ಕೊನೆಗೆ, ಅವನು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದಿರುವಾಗ ಆಗಬೇಕಿತ್ತು. ಎಣ್ಣೆ ಚೆಲ್ಲಿ, ಚಕ್ರ ಜಾರಿ, ಗಾಡಿ ಮಗುಚಿದರೆ ಮಗುಚಲಿ. ಸತ್ತರೆ ಸಾಯಲಿ ಎಂದೇ ನನ್ನ ಮನಸ್ಸಿನಲ್ಲಿತ್ತು. ಹಿಂದಿನ ಸಲ ಪಿಸ್ಟನ್ ತೂತು ಮಾಡಿದ್ದು ರೇಸ್ ಕ್ಯಾಮ್ ಎಂದು ನಾನು ನಂಬಿದ್ದೆ. ಈ ಸಲವೂ ಅವನೇ ಅದನ್ನು ಕೈಯಲ್ಲಿ ಹಿಡಿದು ತಂದಿದ್ದಾನೆ. ಮಾಡಿದ್ದುಣ್ಣೋ ಮಹಾರಾಯ. ಆದರೆ ಒಂದೇ ಒಂದು ಭಯವಿತ್ತು: ಒಡೆಯದೇ ಹೋದರೆ?

ಟರ್ಬೋ ಕೂರಿಸಲು ರಂಜಿತ್ ಗೊತ್ತು ಮಾಡಿದ್ದು ಬೆಳ್ತಂಗಡಿಯ ಅಬ್ದುಲ್ ಶುಕೂರ್ ಅವರನ್ನು. ಶಾರ್ಜಾದ ಗ್ಯಾರೇಜಿನಲ್ಲಿ ಹನ್ನೆರಡು ವರ್ಷ ಮರಳು ದಿಬ್ಬ ಹತ್ತುವ ಗಾಡಿಗಳಿಗೆ ಟರ್ಬೋ ಕಟ್ಟಿ, ಆ ವರ್ಷ ಊರಿಗೆ ಬಂದು ನಿಂತಿದ್ದರು. ತೆಳ್ಳಗಿನ ಮನುಷ್ಯ, ಮಾತು ನಿಧಾನ. ಬುಧವಾರ ಬೆಳಿಗ್ಗೆ ಟರ್ಬೋದ ಡಬ್ಬಿ ಹಿಡಿದು ಬಂದರು. ಇವರು ಕೈಯ ವ್ಯಾಯಾಮಕ್ಕೆ ಬಂಟ್ವಾಳಕ್ಕೆ ಹೋಗಿದ್ದರು. ಕೇಳಲು ಇದೇ ಹೊತ್ತು ಎಂದುಕೊಂಡೆ.

"ಶುಕೂರಣ್ಣ, ಯಾವ ಕ್ಯಾಮ್ ಹಾಕಿದ್ರೆ ಪಿಸ್ಟನ್ ತೂತಾಗ್ತದೆ?"

ಅವರು ಎರಡೂ ಕ್ಯಾಮನ್ನು ಎತ್ತಿ ಬೆಳಕಿಗೆ ಹಿಡಿದರು. "ಕ್ಯಾಮಿನಿಂದ ಪಿಸ್ಟನ್ ತೂತಾಗುದಿಲ್ಲ ಅಕ್ಕ."

"ದೊಡ್ಡದು ಹಾಕಿದ್ರೂ?"

"ದೊಡ್ಡದು ಹಾಕಿದ್ರೆ ಗಾಡಿ ಎಳೆಯುದಿಲ್ಲ, ಅಷ್ಟೇ. ಈ ದೊಡ್ಡ ಉಬ್ಬಿನಲ್ಲಿ ಒಳಗಿನ ವಾಲ್ವು, ಹೊರಗಿನ ವಾಲ್ವು ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರ್ತದೆ. ಟರ್ಬೋ ಇಲ್ಲದ ರೇಸ್ ಇಂಜಿನಿಗೆ ಅದು ಒಳ್ಳೇದು. ಟರ್ಬೋ ಇದ್ರೆ ಒತ್ತಿದ ಗಾಳಿ ಈ ಬಾಗಿಲಲ್ಲಿ ಬಂದು ಆ ಬಾಗಿಲಲ್ಲಿ ಹೋಗ್ತದೆ. ಮುಂದಿನ ಬಾಗಿಲು ಹಿಂದಿನ ಬಾಗಿಲು ಎರಡೂ ತೆರೆದಿಟ್ಟು ಮನೆಯೊಳಗೆ ಹೊಗೆ ನಿಲ್ಲಿಸ್ಲಿಕ್ಕೆ ಆಗ್ತದಾ? ಹಾಗೆ. ನನ್ನ ಕೇಳಿದ್ರೆ ಹದಿನಾರು ವಾಲ್ವಿನ ಹೆಡ್, ಅದಕ್ಕೆ ಕಂಪೆನಿ ಕ್ಯಾಮ್. ಉಸಿರಾಟಕ್ಕೆ ಹದಿನಾರು ವಾಲ್ವು ಸಾಕು, ಉಬ್ಬು ದೊಡ್ಡದು ಬೇಡ."

"ಹಾಗಾದ್ರೆ ಹಿಂದಿನ ಸಲ ತೂತಾದದ್ದು?"

"ಒಳಗೆ ಒತ್ತಡ ಜಾಸ್ತಿ ಆಗಿ ಪೆಟ್ರೋಲು ಹೊತ್ತಿಗೆ ಮುಂಚೆ ಸಿಡಿದಿರ್ಬೇಕು. ಸುತ್ತಿಗೆಯಲ್ಲಿ ಹೊಡೆದ ಹಾಗೆ ಪಿಸ್ಟನ್ ನೆತ್ತಿಗೆ ಹೊಡೀತದೆ ಅದು. ಹೆಡ್ಡಿನ ಅಡಿ ಏನಾದ್ರೂ ಕೆತ್ತಿದ್ರಾ?"

ನಾನು ಬೆಂಚು ಒರೆಸತೊಡಗಿದೆ.

"ಟರ್ಬೋಗೆ ಹೆಡ್ ಕೆತ್ತಬಾರ್ದು. ಬೇಕಾದ್ರೆ ಅದರ ಅಡಿಗೆ ದಪ್ಪ ಗ್ಯಾಸ್ಕೆಟ್ ಹಾಕಿ ಎತ್ತರ ಮಾಡ್ಬೇಕು. ಕೆತ್ತಿದ್ರೆ ಮೂರು ಸುತ್ತು ಸಹ ಬಾಳುದಿಲ್ಲ," ಎಂದು ಹೇಳಿ ಅವರು ಪೈಪಿನ ಅಳತೆ ತೆಗೆಯಲು ಹೊರಗೆ ಹೋದರು.

ನಮ್ಮ ಅಂಗಡಿಯ ಪದ್ಧತಿ ಒಂದನ್ನು ಇಲ್ಲಿ ಹೇಳಬೇಕು. ಇಂಚಿನ ಸಾವಿರದಲ್ಲೊಂದು ಪಾಲಿಗೆ ನಾವು ತೌ ಎನ್ನುತ್ತೇವೆ. ಪೆಟ್ರೋಲ್ ಜೀಪುಗಳ ಕಾಲದಲ್ಲಿ ಮುಂಡಾಜೆಯಿಂದ ಚಾರ್ಮಾಡಿ ಘಾಟಿ ಹತ್ತುವವರು ಇಪ್ಪತ್ತೆರಡು ಜನ ತುಂಬಿಸಿಕೊಂಡು ಹತ್ತುತ್ತಿದ್ದರು. ಎಳೆತ ಸಾಲದು ಎಂದು ಹೆಡ್ಡಿನ ಅಡಿ ಇಪ್ಪತ್ತು ತೌ ಕೆತ್ತಿಸಿಕೊಳ್ಳುತ್ತಿದ್ದರು. ಹೆಡ್ ತಗ್ಗಿದರೆ ಒಳಗಿನ ಜಾಗ ಕಿರಿದಾಗಿ ಒತ್ತಡ ಏರುತ್ತದೆ, ಗಾಡಿ ಎಳೆಯುತ್ತದೆ. ಆಮೇಲೆ ಓಮ್ನಿ ಬಂದಾಗಲೂ ಹಾಗೆಯೇ. ಯಾರೂ ಕೇಳುವುದು ಬೇಡ, ಯಾರೂ ಹೇಳುವುದು ಬೇಡ. ಹೆಡ್ ಬಂತೆಂದರೆ ತೊಳೆ, ಇಪ್ಪತ್ತು ತೆಗೆ, ವಾಲ್ವು ಅರೆ. ಗಂಜಿಗೆ ಉಪ್ಪು ಹಾಕಿದ್ದನ್ನು ಯಾರಾದರೂ ಗಂಡನಿಗೆ ಹೇಳುತ್ತಾರೆಯೇ?

ಹಿಂದಿನ ಸಲ ರಂಜಿತ್‌ನ ಹೆಡ್ ಬಂದ ದಿನ ಇವರು ಗ್ಯಾಸ್ಕೆಟ್ ತರಲು ಮಂಗಳೂರಿಗೆ ಹೋಗಿದ್ದರು. "ತೊಳೆದಿಡು" ಎಂದಷ್ಟೇ ಹೇಳಿ ಹೋಗಿದ್ದರು. ಬರುವಷ್ಟರಲ್ಲಿ ನಾನು ಎಲ್ಲ ಮುಗಿಸಿ, ಬಟ್ಟೆ ಹೊದಿಸಿ ಇಟ್ಟಿದ್ದೆ. ಇಷ್ಟು ಬೇಗ ಆಯಿತಾ ಎಂದು ಇವರು ಮೆಚ್ಚಿದ್ದರು.

ಆ ಹಳೆಯ ಹೆಡ್ ಬೆಂಚಿನ ಅಡಿ ಧೂಳಿನಲ್ಲಿ ಬಿದ್ದಿತ್ತು. ಎಳೆದು ಒರೆಸಿ ವರ್ನಿಯರ್ ಹಿಡಿದೆ. ಕಂಪೆನಿಯ ಪುಸ್ತಕದಲ್ಲಿರುವ ಅಳತೆಗಿಂತ ಸರಿಯಾಗಿ ಇಪ್ಪತ್ತು ತೌ ಕಡಿಮೆ. ಐದು ಕಡೆ ಅಳೆದೆ. ಐದೂ ಕಡೆ ಇಪ್ಪತ್ತು. ನನ್ನ ಕೆಲಸ ಯಾವತ್ತೂ ಅಷ್ಟು ಅಚ್ಚುಕಟ್ಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಕೇಳಿ ನಗುತ್ತಿದ್ದವಳು ನಾನು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಮಧ್ಯಾಹ್ನ ಇವರು ಬಸ್ಸಿಳಿದು ಬರುವಾಗ ನಾನು ಬಾಗಿಲಲ್ಲೇ ನಿಂತಿದ್ದೆ.

"ನಿಮಗೆ ಗೊತ್ತಿತ್ತಾ?"

ಹೆಡ್ ಬೆಂಚಿನ ಮೇಲಿರುವುದನ್ನು ಅವರು ನೋಡಿದರು. ಪಕ್ಕದಲ್ಲಿದ್ದ ವರ್ನಿಯರನ್ನೂ ನೋಡಿದರು.

"ಅವತ್ತು ಅಳೆದಾಗ ಗೊತ್ತಾಯ್ತು."

"ಮತ್ತೆ ನಾನೇ ಅಂತ ಯಾಕೆ ಹೇಳಿದ್ರಿ?"

"ಅವನ ಕೈ ಬಾರಿನ ಮೇಲೆ ಇತ್ತು ಸರಸ. ಹೆಡ್ ಕೆಲಸ ಯಾರದ್ದು ಅಂತ ಹೇಳಿದ್ರೆ ಅವನು ನಿನ್ನ ಹತ್ತಿರ ಬರ್ತಿದ್ದ."

ನಾನು ಅವರ ಕೆನ್ನೆಗೆ ಹೊಡೆದೆ. ಮತ್ತೊಂದು ಕೆನ್ನೆಗೂ ಹೊಡೆದೆ. ಎದೆಗೆ ಎರಡೂ ಕೈಯಲ್ಲಿ ಗುದ್ದಿದೆ, ಅವರು ಕಂಬಕ್ಕೆ ಒರಗಿ ನಿಂತರು. "ಒಂದು ವರ್ಷ! ಒಂದು ವರ್ಷ ನನ್ನ ಬಾಯಲ್ಲಿ ಹೇಡಿ ಅಂತ ಹೇಳಿಸಿದ್ರಲ್ಲ. ಒಂದು ದಿನವಾದ್ರೂ ಬಾಯಿ ಬಿಡ್ಬಾರ್ದಿತ್ತಾ?"

"ಬಿಟ್ಟಿದ್ರೆ ನೀನು ಅವತ್ತೇ ಮೂಡುಬಿದಿರೆಗೆ ಹೋಗ್ತಿದ್ದೆ. ಹೋಗಿ ನಾನೇ ಮಾಡಿದ್ದು ಅಂತ ಅವನ ಎದುರು ನಿಲ್ತಿದ್ದೆ. ನಿನ್ನ ಗುಣ ನನಗೆ ಗೊತ್ತಿಲ್ವಾ?" ತುಟಿ ಒಡೆದು ರಕ್ತ ಬಂದಿತ್ತು. ಎಡಗೈಯಿಂದ ಒರೆಸಿಕೊಂಡರು. "ನನ್ನ ಕೈ ಹೋಯ್ತು. ನಿನ್ನದಾದ್ರೂ ಇರ್ಲಿ ಅಂತ. ಈಗ ಅವನಿಗೆ ಒಂದು ಸರಿಯಾದ ಇಂಜಿನ್ ಕಟ್ಟಿಕೊಡು. ಕೆಡಿಸಿದ್ದು ನಾವು, ಸರಿ ಮಾಡಿ ಕೊಡುವ. ಅಲ್ಲಿಗೆ ಮುಗೀಲಿ."

ಆ ದಿನ ನಾನು ಅಡಿಗೆ ಮಾಡಲಿಲ್ಲ. ಅಳು ಬರುತ್ತಿತ್ತು, ಅಳುವುದಕ್ಕೂ ಸಿಟ್ಟು ಬಿಡುತ್ತಿರಲಿಲ್ಲ.

ಮರುದಿನದಿಂದ ಇಂಜಿನ್ ಕಟ್ಟಿದೆವು. ಹದಿನಾರು ವಾಲ್ವಿನ ಹೆಡ್. ಅದರ ಅಡಿಯನ್ನು ಗ್ರೈಂಡರಿನ ಹತ್ತಿರಕ್ಕೂ ಒಯ್ಯಲಿಲ್ಲ. ಕಂಪೆನಿಯ ಕ್ಯಾಮ್, ದಪ್ಪ ತಾಮ್ರದ ಗ್ಯಾಸ್ಕೆಟ್. ಒಂದೊಂದು ವಾಲ್ವನ್ನೂ ಅರೆದು, ಸೀಮೆಎಣ್ಣೆ ಹೊಯ್ದು, ಒಂದು ಹನಿ ಜಿನುಗಿದರೂ ಮತ್ತೆ ಅರೆದೆ. ಅಂಗೈ ಚರ್ಮ ಎದ್ದು ಕಡ್ಡಿಗೆ ರಕ್ತ ಹತ್ತಿತು. ನಾನು ಬೋಲ್ಟು ಬಿಗಿಯುವಾಗ ಎಷ್ಟು, ಯಾವುದು ಮೊದಲು ಎಂದು ಹೇಳುತ್ತ ಇವರು ಪಕ್ಕದಲ್ಲೇ ಕೂತಿದ್ದರು. ಹನ್ನೊಂದು ದಿನ ನಾವಿಬ್ಬರೂ ಇಂಜಿನ್ ಬಿಟ್ಟು ಬೇರೆ ಮಾತಾಡಲಿಲ್ಲ. ಅಷ್ಟು ಒಳ್ಳೆಯ ಕೆಲಸ ನಮ್ಮ ಅಂಗಡಿಯಿಂದ ಹಿಂದೆಯೂ ಹೋಗಿಲ್ಲ, ಆಮೇಲೆಯೂ ಹೋಗಿಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ ರಂಜಿತ್ ಬಂದ. ಶುಕೂರಣ್ಣನೂ ಇದ್ದರು. ಸ್ಟಾರ್ಟ್ ಮಾಡಿದಾಗ ಇಂಜಿನ್ ಹೊಲಿಗೆ ಮಿಷನ್ನಿನ ಹಾಗೆ ಸದ್ದಿಲ್ಲದೆ ಓಡಿತು. ರಂಜಿತ್‌ನ ಮುಖ ಕಪ್ಪಾಯಿತು.

"ಇದೆಂಥದು? ಡಾಕ್ಟರ ಕಾರಿನ ಹಾಗೆ ಉಂಟು. ನನ್ನ ಕ್ಯಾಮ್ ಎಲ್ಲಿ?"

"ಅದೋ ಬೆಂಚಿನ ಮೇಲುಂಟು," ಎಂದರು ಇವರು. "ಮೊದಲು ಓಡಿಸಿ ನೋಡು ಮಾರಾಯ. ಮತ್ತೆ ಮಾತಾಡುವ."

ವಾಮದಪದವಿನ ಕಡೆಗೆ ಹೋದ. ಇಪ್ಪತ್ತು ನಿಮಿಷಕ್ಕೆ ವಾಪಸು ಬಂದ. ಗಾಡಿಯಿಂದ ಇಳಿಯುವಾಗ ಅವನ ಮುಖದಲ್ಲಿ ಹಲ್ಲೆಲ್ಲ ಕಾಣುತ್ತಿತ್ತು. ಇಂಥ ಗಾಡಿ ಈ ಜಿಲ್ಲೆಯಲ್ಲೇ ಇಲ್ಲ ಎಂದ. ಬಾನೆಟ್ ಎತ್ತಿದ. ಎಡಗೈಯನ್ನು ಮಡ್‌ಗಾರ್ಡಿನ ಅಂಚಿಗೆ ಊರಿ ಒಳಗೆ ಬಗ್ಗಿ ನೋಡುತ್ತ, ನಗುತ್ತ ಹೇಳಿದ:

"ಚನಿಯಪ್ಪಣ್ಣ, ತಪ್ಪು ತಿಳ್ಕೊಳ್ಬೇಡಿ. ಅವತ್ತು ಆ ನಾಲ್ಕು ಪೆಟ್ಟು ಬಿದ್ದದ್ದಕ್ಕೇ ಇವತ್ತು ಇಂಥ ಇಂಜಿನ್ ಬಂತು."

ನಾಲ್ಕಲ್ಲ, ಮೂರು. ಅವನಿಗೆ ಲೆಕ್ಕವೂ ನೆನಪಿರಲಿಲ್ಲ. ಇವರು ತಲೆ ತಗ್ಗಿಸಿದರು.

"ಆ ಹೆಡ್ ಕೆತ್ತಿದ್ದು ನಾನು," ಎಂದೆ. "ಅವರಲ್ಲ. ಅವರಿಗೆ ಗೊತ್ತೇ ಇರ್ಲಿಲ್ಲ. ಇಪ್ಪತ್ತು ತೌ ಕೆತ್ತಿದ್ದು ನಾನು, ನಿನ್ನ ಪಿಸ್ಟನ್ ತೂತು ಮಾಡಿದ್ದು ನಾನು."

"ಸರಸ, ಒಳಗೆ ಹೋಗು," ಎಂದರು ಇವರು.

ರಂಜಿತ್ ನನ್ನನ್ನು ನೋಡಿದ, ಇವರ ಕೈ ನೋಡಿದ. ಒಂದು ಗಳಿಗೆ ಅವನ ನಗು ನಿಂತಿತು. ಆ ಗಳಿಗೆಯಲ್ಲಿ ಅವನು ಸುಮ್ಮನಿದ್ದಿದ್ದರೆ ನಾನೂ ಸುಮ್ಮನಿರುತ್ತಿದ್ದೆನೋ ಏನೋ. ಭುಜ ಕುಣಿಸಿ ಮತ್ತೆ ಇಂಜಿನ್ನಿನ ಕಡೆ ತಿರುಗಿದ.

"ಹೋಗ್ಲಿ ಬಿಡಿ ಅಕ್ಕ. ಗಂಡನಿಗೆ ಬಿದ್ರೂ ಹೆಂಡತಿಗೆ ಬಿದ್ರೂ ಮನೆ ಒಂದೇ ಅಲ್ವಾ."

ರೇಸ್ ಕ್ಯಾಮ್ ನನ್ನ ಕೈಗೆ ಹೇಗೆ ಬಂತು ಎಂದು ಕೇಳಬೇಡಿ. ಎರಡೂ ಕೈಯಲ್ಲಿ ಹಿಡಿದು, ತಲೆಯ ಮೇಲಿಂದ ತಂದು, ಮಡ್‌ಗಾರ್ಡಿನ ಮೇಲಿದ್ದ ಅವನ ಕೈಗೆ ಇಳಿಸಿದೆ. ದೊಡ್ಡ ಉಬ್ಬುಗಳಲ್ಲಿ ಎರಡು ಸರಿಯಾಗಿ ಬೆರಳ ಗೆಣ್ಣಿನ ಮೇಲೆ ಕೂತವು. ಒಣ ಕಟ್ಟಿಗೆ ಮುರಿದ ಸದ್ದು ಬಂತು, ಆಮೇಲೆ ಅವನ ಕೂಗು. ಅವನು ಕೈ ಎಳೆದುಕೊಳ್ಳುವ ಮೊದಲೇ ಇನ್ನೊಂದು ಸಲ ಇಳಿಸಿದೆ, ಅದು ಮಣಿಕಟ್ಟಿಗೆ ಬಿತ್ತು. ಅವನು ಮೊಣಕಾಲೂರಿ ಕೆಳಗೆ ಬಿದ್ದ.

"ತಪ್ಪು ನಂದು," ಎಂದೆ. "ಅದಕ್ಕೆ ಇಂಜಿನ್ ಕಟ್ಟಿಕೊಟ್ಟಿದ್ದೇನೆ. ಕೈ ಮುರಿದದ್ದು ನೀನು. ಅದಕ್ಕೆ ಇದು."

ಮೂರನೆಯದಕ್ಕೆ ಎತ್ತಿದ್ದೆ, ತಲೆಗೆ. ಇವರು ನನ್ನನ್ನು ಭುಜದಿಂದ ತಳ್ಳಿದರು. ಕ್ಯಾಮ್ ಗುರಿ ತಪ್ಪಿ ಪಕ್ಕದ ಬೆಂಚಿಗೆ ಬಿಗಿದಿದ್ದ ವೈಸಿನ ಕಬ್ಬಿಣಕ್ಕೆ ಬಡಿದು ನಡುವಿನಲ್ಲಿ ತುಂಡಾಯಿತು. ಎರಕದ ಮಾಲು ಹಾಗೆಯೇ, ಬಾಗುವುದಿಲ್ಲ, ತುಂಡಾಗುತ್ತದೆ. ಅರ್ಧ ತುಂಡು ನನ್ನ ಕೈಯಲ್ಲೇ ಇತ್ತು. ಶುಕೂರಣ್ಣ ಗೋಡೆಗೆ ಅಂಟಿಕೊಂಡು ನಿಂತಿದ್ದರು, ಅವರ ತುಟಿ ಮಾತ್ರ ಅಲ್ಲಾಡುತ್ತಿತ್ತು. ಇವರು ರಂಜಿತ್‌ನ ಪಕ್ಕ ಕೂತು, ತಮ್ಮ ಹೆಗಲಿನ ಬೈರಾಸನ್ನು ಅವನ ಕೈಗೆ ಸುತ್ತಲು ನೋಡಿದರು. ಒಂದು ಕೈಯಲ್ಲಿ ಸುತ್ತಲಾಗದೆ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದರು. ಅದೇ ಜಿಪ್ಸಿಯಲ್ಲಿ ಅವನನ್ನು ಕೂರಿಸಿ, ಶುಕೂರಣ್ಣ ಓಡಿಸಿ, ಮೂವರೂ ಆಸ್ಪತ್ರೆಗೆ ಹೋದರು. ಇವರು ಹೋಗುವಾಗ ನನ್ನ ಕಡೆ ನೋಡಲಿಲ್ಲ.

ಪೊಲೀಸರು ಬರುತ್ತಾರೆ ಎಂದು ಸೀರೆ ಬದಲಿಸಿ ಜಗಲಿಯಲ್ಲಿ ಕಾದು ಕೂತೆ. ಯಾರೂ ಬರಲಿಲ್ಲ. ಅವತ್ತು ನಾವು ಕೊಡದ ಕಂಪ್ಲೇಂಟನ್ನು ಈಗ ತಾನು ಹೇಗೆ ಕೊಡುವುದು ಎಂದು ಮುಂಡಪ್ಪನವರು ಹೇಳಿದರಂತೆ. ರೇಸಿಗೆ ಬೇರೆ ಯಾರೋ ಆ ಗಾಡಿ ಓಡಿಸಿದರಂತೆ, ಗೆದ್ದರಂತೆ. ಪೇಟೆಯಲ್ಲಿ ನನಗೆ ಜನ ದಾರಿ ಬಿಡತೊಡಗಿದರು. ಗಂಡಸು ಎಂದರೆ ಸರಸಕ್ಕ ಎಂದು ಮೀನು ಮಾರುಕಟ್ಟೆಯಲ್ಲಿ ಒಬ್ಬ ಹೇಳಿದ್ದನ್ನು ನಾನೇ ಕೇಳಿದೆ. ಸುಳ್ಳು ಯಾಕೆ ಹೇಳಲಿ, ಕೇಳಲು ಹಿತವಾಗಿತ್ತು. ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಿತ್ತು. ಒಂದು ವರ್ಷದಲ್ಲಿ ಮೊದಲ ಸಲ ಊಟ ರುಚಿಸಿತು.

ಇವರು ಮಾತ್ರ ಮಾತು ಬಿಟ್ಟರು. ಅಂಗಿಯ ಗುಂಡಿಗೂ ನನ್ನ ಹತ್ತಿರ ಬರಲಿಲ್ಲ. ಗುಂಡಿ ಇಲ್ಲದ ಬನಿಯನ್ನೇ ಹಾಕಿಕೊಂಡು ಅಂಗಡಿಗೆ ಬರುತ್ತಿದ್ದರು. ಹೇಡಿ ಎಂದು ಬೈದಾಗಲೂ ಹೀಗೆ ಮುನಿಸಿಕೊಂಡವರಲ್ಲ. ಎಂಟು ದಿನ ನೋಡಿದೆ, ಹತ್ತು ದಿನ ನೋಡಿದೆ. ಹದಿನೈದನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅವರೇ ಕೇಳಿದರು.

"ಈಗ ಸಮಾಧಾನ ಆಯ್ತಾ?"

"ಆಯ್ತು," ಎಂದೆ. ಇಲ್ಲ ಎಂದು ಹೇಳಬಹುದಿತ್ತು. ಅವರಿಗೆ ಬೇಕಿದ್ದದ್ದೂ ಅದೇ ಇರಬಹುದು. ಆದರೆ ಸಮಾಧಾನ ಆದದ್ದು ನಿಜ.

ಅವರು ಚಮಚವನ್ನು ತಟ್ಟೆಯಲ್ಲಿಟ್ಟರು.

"ಅವತ್ತು ಬಾರು ಕೆಳಗಿಟ್ಟಾಗ ಅವನಿಗೂ ಈ ಸಮಾಧಾನ ಆಗಿತ್ತು ಸರಸ. ನಾನು ಎದುರಿನಲ್ಲೇ ಇದ್ದೆ, ಅವನ ಮುಖ ನೋಡಿದ್ದೇನೆ. ಒಂದು ವರ್ಷ ಆ ಮುಖ ನನ್ನ ಕಣ್ಣಿನಿಂದ ಹೋಗ್ಲಿಲ್ಲ. ಮೊನ್ನೆ ನಿನ್ನದೂ ಅದೇ ಮುಖ."

ಎದ್ದು ಅನ್ನದ ಪಾತ್ರೆ ತಂದು ಬಡಿಸಿದೆ. ಅವರು ಚಮಚ ಎತ್ತಿಕೊಂಡು ಊಟ ಮಾಡಿದರು, ಮುಖ ಮೇಲೆತ್ತಲಿಲ್ಲ.